ಹೆಂಪ್ ಹೂವಿನಿಂದ ಔಷಧಿ ಬಾಟಲಿಗೆ

ಹೆಂಪ್ ಕೂಡ ಗಾಂಜಾ ಗಿಡದ್ದೇ ಜಾತಿ. ಆದರೆ ಅಮಲೇರಿಸುವ ಟಿಎಚ್‌ಸಿ ಅಂಶ ಇದರಲ್ಲಿ ತೀರಾ ಕಡಿಮೆ. ಅಮೆರಿಕದ 2018ರ ಕೃಷಿ ಕಾಯ್ದೆಯ ಪ್ರಕಾರ, ಒಣತೂಕದಲ್ಲಿ ಅದು ಶೇ 0.3 ಮೀರದಿದ್ದರೆ ಆ ಗಿಡ ಹೆಂಪ್.

ಹೆಣ್ಣು ಹೂವನ್ನು ಭೂತಗನ್ನಡಿಯಲ್ಲಿ ನೋಡಿದರೆ ಮೈತುಂಬ ಸಣ್ಣ ರೋಮಗಳು, ತುದಿಯಲ್ಲಿ ಮಿನುಗುವ ರಾಳದ ಗುಂಡುಗಳು ಕಾಣುತ್ತವೆ. ಅಮಲಿಲ್ಲದ ಸಿಬಿಡಿ ಮುಂತಾದ ಸಂಯುಕ್ತಗಳ ಕಣಜ ಅದೇ. ಹಸಿ ಗಿಡದಲ್ಲಿ ಇವು ಆಮ್ಲರೂಪದಲ್ಲಿರುತ್ತವೆ. ಕಾಯಿಸಿದಾಗ ಇಂಗಾಲದ ಡೈಆಕ್ಸೈಡ್ ಕಳಚಿಕೊಂಡು ಬಳಕೆಯ ರೂಪಕ್ಕೆ ಬರುತ್ತವೆ.

ರಾಳವನ್ನು ಹೊರತೆಗೆಯುವ ಸರಳ ದಾರಿ ಎಥೆನಾಲ್. ಪುಡಿ ಮಾಡಿದ ಹೂವನ್ನು ಅದರಲ್ಲಿ ನೆನೆಸಿ, ಸೋಸಿ, ದ್ರಾವಕವನ್ನು ಆವಿ ಮಾಡಿದರೆ ಉಳಿಯುವುದು ಗಟ್ಟಿ ಸಾರ. ತೊಡಕೆಂದರೆ, ಎಲೆಯ ಹಸಿರು ಬಣ್ಣವೂ ಜೊತೆಗೇ ಇಳಿಯುತ್ತದೆ. ಅದಕ್ಕೇ ಎಥೆನಾಲನ್ನು ಮೊದಲೇ ಚೆನ್ನಾಗಿ ತಣ್ಣಗಾಗಿಸುವುದುಂಟು. ಬ್ಯುಟೇನ್ ಕೂಡ ರಾಳವನ್ನು ಚೆನ್ನಾಗಿ ಕರಗಿಸುತ್ತದೆ, ಆದರೆ ಕಿಡಿ ತಾಗಿದರೆ ಸ್ಫೋಟ.

ದೊಡ್ಡ ಘಟಕಗಳಲ್ಲಿ ಇಂಗಾಲದ ಡೈಆಕ್ಸೈಡ್‌ನ ಬಳಕೆಯೂ ಇದೆ. 31 ಡಿಗ್ರಿ ಸೆಲ್ಸಿಯಸ್ ಹಾಗೂ ವಾತಾವರಣದ ಸುಮಾರು 73 ಪಟ್ಟು ಒತ್ತಡ ದಾಟಿದರೆ ಅದು ಅನಿಲದಂತೆ ಸಂದಿಗೊಂದಿಗೆ ನುಗ್ಗುತ್ತದೆ, ದ್ರವದಂತೆ ಕರಗಿಸುತ್ತದೆ. ಕಾಫಿ ಬೀಜದಿಂದ ಕೆಫೀನ್ ತೆಗೆಯಲೂ ಈ ವಿಧಾನ ಬಳಸುವುದುಂಟು. ಒತ್ತಡ ಇಳಿಸಿದರೆ ಅನಿಲ ಹಾರಿಹೋಗುತ್ತದೆ, ಸಾರ ಉಳಿಯುತ್ತದೆ. ಯಂತ್ರ ಮಾತ್ರ ದುಬಾರಿ.

ಸಾರವನ್ನು ಎಥೆನಾಲ್‌ನಲ್ಲಿ ಕಲಸಿ ಶೈತ್ಯದಲ್ಲಿಟ್ಟರೆ ಮೇಣ ಹೆಪ್ಪುಗಟ್ಟುತ್ತದೆ. ಅದನ್ನು ಸೋಸಿ ತೆಗೆದು, ಉಳಿದ ಸಾರವನ್ನು ಬಟ್ಟಿ ಇಳಿಸುತ್ತಾರೆ. ಗಿಡದಿಂದ ಪಡೆದ ಶುದ್ಧ ಸಿಬಿಡಿಯ ‘ಎಪಿಡಿಯೊಲೆಕ್ಸ್’ ಔಷಧಿಗೆ ಅಪರೂಪದ ಮೂರ್ಛೆರೋಗಗಳ ಚಿಕಿತ್ಸೆಗಾಗಿ ಅಮೆರಿಕ 2018ರಲ್ಲಿ ಅನುಮತಿ ನೀಡಿತು.

ಸಾರ ಗಟ್ಟಿಯಾದಂತೆ ಟಿಎಚ್‌ಸಿ, ಕೀಟನಾಶಕದ ಉಳಿಕೆಗಳ ಪ್ರಮಾಣವೂ ಏರಬಹುದು. ಹೀಗಾಗಿ ಪ್ರತಿ ಕಂತಿಗೂ ಪ್ರಯೋಗಾಲಯದ ಪರೀಕ್ಷೆ ಬೇಕು.