ಆರಾಮಿಲ್ಲರಿ ಅಂದರೆ ಏನು? – ದವಾಖಾನೆಯಲ್ಲಿ ನೇರ ಮಾತು, ಬಳಸು ಮಾತು



ಡಾಕ್ಟರ ಎದುರು ಕುಳಿತ ಕೂಡಲೇ ಅವರು ಕೇಳುವ ಮೊದಲ ಪ್ರಶ್ನೆ, "ಏನಾಗಿದೆ?" ನಮ್ಮ ಬನಹಟ್ಟಿ, ರಬಕವಿ, ತೇರದಾಳ, ಮಹಾಲಿಂಗಪುರ ಕಡೆಯ ಬಹಳಷ್ಟು ಜನ ಕೊಡುವ ಉತ್ತರ, "ಆರಾಮಿಲ್ಲರಿ." ನೆಗಡಿ ಆದವರಿಗೂ ಆರಾಮಿಲ್ಲ, ಮೂಲವ್ಯಾಧಿ ಆದವರಿಗೂ ಆರಾಮಿಲ್ಲ, ಎದೆ ಹಿಡಿದುಕೊಂಡು ಬಂದವರಿಗೂ ಆರಾಮಿಲ್ಲ. "ಏನ ಆರಾಮಿಲ್ಲರಿ ಯಜಮಾನ್ರ?" ಎಂದು ಮತ್ತೆ ಕೇಳಿದರೆ, "ಏನಿಲ್ಲರಿ, ಸ್ವಲ್ಪ ಗ್ಯಾಸ ಆಧಾಂಗ ಆಗೈತ್ರಿ." ಪಕ್ಕದಲ್ಲಿ ನಿಂತ ಮಗ ಬಾಯಿ ಹಾಕಿ, "ಮುಂಜಾನಿಯಿಂದ ಎದಿ ಒತ್ತಾಕತ್ತೈತಿ ಅಂತಾನ್ರಿ, ಬೆವರ ಬಾಳ ಬಂದಾವ್ರಿ" ಎಂದ ಮೇಲೆಯೇ ಡಾಕ್ಟರು ಎದ್ದು ಇಸಿಜಿ ಯಂತ್ರ ತರಿಸುವುದು. ಮಗ ಜೊತೆಗೆ ಬಂದಿರದಿದ್ದರೆ?

ನಮ್ಮವರು ಸುಳ್ಳು ಹೇಳುತ್ತಾರೆಂದಲ್ಲ. ನಮ್ಮ ಮಾತಿನ ರೀತಿಯೇ ಹಾಗೆ. ಇದ್ದದ್ದನ್ನು ಇದ್ದಂತೆ ಮುಖದ ಮೇಲೆ ಹೇಳುವುದು ನೇರ ಮಾತು. ಹೇಳಬೇಕಾದದ್ದನ್ನು ಇನ್ನೊಂದರ ಮೂಲಕ ಸೂಚಿಸಿ, ಕೇಳುವವರೇ ಅರಿತುಕೊಳ್ಳಲಿ ಎಂದು ಬಿಡುವುದು ಬಳಸು ಮಾತು. ಮನೆಯಿಂದ ಹೊರಡುವವರು "ಹೋಗ್ತೇನಿ" ಅನ್ನುವುದಿಲ್ಲ, "ಹೋಗಿ ಬರ್ತೇನಿ" ಅನ್ನುತ್ತಾರೆ. ದೀಪ ಆರಿಸುವುದಕ್ಕೆ "ದೀಪ ದೊಡ್ಡದು ಮಾಡು" ಎನ್ನುವ ಹಿರಿಯರು ಈಗಲೂ ಇದ್ದಾರೆ. ಬಳೆ ಒಡೆಯಿತು ಎನ್ನದೆ ಹೆಚ್ಚಾಯಿತು ಎನ್ನುತ್ತೇವೆ. ಹಿರಿಯರು ತೀರಿಕೊಂಡರೆ ಲಿಂಗೈಕ್ಯರಾದರು ಎನ್ನುತ್ತೇವೆ. ಕೆಟ್ಟದ್ದನ್ನು ಬಾಯಲ್ಲಿ ಆಡಬಾರದು, ಎದುರಿನವರ ಮನಸ್ಸು ನೋಯಿಸಬಾರದು ಎಂಬ ಭಾವನೆ ಇವುಗಳ ಹಿಂದಿದೆ. ಅದು ಸಣ್ಣ ಗುಣವಲ್ಲ.

ಮಗ್ಗದ ಮನೆಯನ್ನೇ ನೋಡಿ. ನೇಕಾರನಿಗೆ ಹಣದ ಅಡಚಣೆ ಇದೆ. ಅವನು ಮಾಲೀಕರ ಹತ್ತಿರ ಹೋಗಿ "ಮುಂಗಡ ಕೊಡ್ರಿ" ಎಂದು ಒಮ್ಮೆಲೇ ಕೇಳುವುದಿಲ್ಲ. "ಹುಡುಗೂರ ಸಾಲಿ ಚಾಲೂ ಆತ್ರಿ" ಎನ್ನುತ್ತಾನೆ. ಮಾಲೀಕರು "ಸೋಮವಾರ ನೋಡೂಣಂತ" ಎನ್ನುತ್ತಾರೆ. ಕೇಳಿದವನಿಗೂ ಗೊತ್ತಾಯಿತು, ಕೇಳಿಸಿಕೊಂಡವರಿಗೂ ಗೊತ್ತಾಯಿತು. ಇಲ್ಲ ಎನ್ನಬೇಕಾಗಿ ಬಂದರೂ ಯಾರ ಮುಖವೂ ಕೆಡುವುದಿಲ್ಲ. ಇಬ್ಬರೂ ವರ್ಷಗಟ್ಟಲೆ ಒಂದೇ ಸೂರಿನ ಕೆಳಗೆ ಇದ್ದವರಾದ್ದರಿಂದ ಅರ್ಧ ಮಾತು ಸಾಕಾಗುತ್ತದೆ.

ಅಮೆರಿಕದ ಮಾನವಶಾಸ್ತ್ರಜ್ಞ ಎಡ್ವರ್ಡ್ ಹಾಲ್ 1976ರಲ್ಲಿ ಬರೆದ ಒಂದು ಪುಸ್ತಕದಲ್ಲಿ ಇದನ್ನೇ ವಿವರಿಸಿದರು. ಕೆಲವು ಸಮಾಜಗಳಲ್ಲಿ ಅರ್ಥದ ಹೆಚ್ಚಿನ ಭಾಗ ಸಂದರ್ಭದಲ್ಲಿ ಇರುತ್ತದೆ, ಆಡಿದ ಮಾತಿನಲ್ಲಿ ಇರುವುದು ಕಡಿಮೆ. ಜಪಾನ್ ಅದಕ್ಕೆ ಅವರು ಕೊಟ್ಟ ಉದಾಹರಣೆ. ಇನ್ನು ಕೆಲವು ಕಡೆ, ಜರ್ಮನ್ ಭಾಷೆಯ ಜನರಲ್ಲಿದ್ದಂತೆ, ಎಲ್ಲವನ್ನೂ ಮಾತಿನಲ್ಲಿಯೇ ಬಿಚ್ಚಿ ಹೇಳುತ್ತಾರೆ. ಬನಹಟ್ಟಿಯನ್ನು ಎಲ್ಲಿ ಸೇರಿಸಬೇಕು ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಆದರೆ ದವಾಖಾನೆ ಮಗ್ಗದ ಮನೆಯಲ್ಲ. ಇಲ್ಲಿ ನಿಮ್ಮ ಮಾತು ಕೇಳುವವರು ನಿಮ್ಮನ್ನು ಮೊದಲ ಸಲ ನೋಡುತ್ತಿರಬಹುದು. ಅವರು ಬೇರೆ ಸೀಮೆಯಿಂದ ಬಂದವರಿರಬಹುದು. ಹೊರಗೆ ಇನ್ನೂ ಬಹಳ ಜನ ಚೀಟಿ ಹಿಡಿದು ಕುಳಿತಿರುತ್ತಾರೆ. ಅರ್ಧ ಮಾತಿನ ಉಳಿದರ್ಧ ಅವರಿಗೆ ತಿಳಿಯುವ ದಾರಿಯೇ ಇರುವುದಿಲ್ಲ.

ಹುಳ ಮುಟ್ಟಿದೆ ಎಂದರೆ

ರಾತ್ರಿ ಕರೆಂಟು ಬಂದಾಗ ಕಬ್ಬಿಗೆ ನೀರು ಬಿಡಲು ಹೋದವರಿಗೆ ಹಾವು ಕಚ್ಚುತ್ತದೆ. ನಮ್ಮಲ್ಲಿ ರಾತ್ರಿ ಹೊತ್ತು ಹಾವಿನ ಹೆಸರು ಎತ್ತುವುದಿಲ್ಲ. "ಹುಳ ಮುಟ್ಟೈತ್ರಿ" ಎನ್ನುತ್ತಾರೆ. ಈ ಸೀಮೆಯ ಸಿಸ್ಟರಿಗೆ ಅದು ಕೂಡಲೇ ತಿಳಿಯುತ್ತದೆ. ದಕ್ಷಿಣದ ಜಿಲ್ಲೆಗಳಿಂದ ಬಂದ ಕಿರಿಯ ವೈದ್ಯರಿಗೆ ಹುಳ ಎಂದರೆ ಚೇಳೋ, ಜೇನೋ, ಇನ್ನಾವುದೋ ಕೀಟ. ಗಾಯ ನೋಡಿ ಗೊತ್ತುಮಾಡಿಕೊಳ್ಳುತ್ತಾರೆ ಎಂದು ನೀವು ತಿಳಿಯಬಹುದು. ಕಟ್ಟುಹಾವು ಕಚ್ಚಿದರೆ ಎಷ್ಟೋ ಸಲ ಗಾಯವೂ ಕಾಣುವುದಿಲ್ಲ, ಬಾವೂ ಇರುವುದಿಲ್ಲ, ನೋವೂ ಇರುವುದಿಲ್ಲ. ಕೆಲವು ತಾಸು ಕಳೆದ ಮೇಲೆ ಕಣ್ಣಿನ ರೆಪ್ಪೆ ಜೋತುಬೀಳುತ್ತವೆ, ನುಂಗಲು ಕಷ್ಟವಾಗುತ್ತದೆ, ಆಮೇಲೆ ಉಸಿರೇ ನಿಲ್ಲುತ್ತದೆ. ಹಾವಿನ ವಿಷಕ್ಕೆ ಕೊಡುವ ಮದ್ದು ಬೇಗ ಕೊಟ್ಟಷ್ಟೂ ಒಳ್ಳೆಯದು. ಆದ್ದರಿಂದ ಬಾಗಿಲಲ್ಲಿಯೇ "ಹಾವು ಕಚ್ಚಿದೆ, ಇಷ್ಟು ಗಂಟೆಗೆ ಕಚ್ಚಿತು" ಎಂದು ಗಟ್ಟಿಯಾಗಿ ಹೇಳಿ. ದಾರಿಯಲ್ಲಿ ನಾಟಿ ಔಷಧ ಕುಡಿಸಿದ್ದರೆ, ಬ್ಲೇಡಿನಿಂದ ಕೊಯ್ದಿದ್ದರೆ, ದಾರ ಬಿಗಿದಿದ್ದರೆ ಅದನ್ನೂ ಹೇಳಿ. ಬಿಗಿಯುವುದು, ಕೊಯ್ಯುವುದು ಎರಡೂ ತಪ್ಪು. ಆದರೆ ಬೈಯುತ್ತಾರೆಂದು ಮುಚ್ಚಿಡುವುದು ಅದಕ್ಕಿಂತ ದೊಡ್ಡ ತಪ್ಪು. ಹಾವು ಕಡಿತದ ಪ್ರಕರಣಗಳನ್ನು ಸರ್ಕಾರಕ್ಕೆ ವರದಿ ಮಾಡುವುದನ್ನು ಕರ್ನಾಟಕ 2024ರಲ್ಲಿ ಕಡ್ಡಾಯ ಮಾಡಿದೆ. "ಹುಳ" ಎಂದು ಬರೆದುಹೋದರೆ ಆ ಲೆಕ್ಕಕ್ಕೂ ನೀವು ಸಿಗುವುದಿಲ್ಲ.

"ಅಮ್ಮ ಬಂದಾಳ" ಎಂಬ ಮಾತೂ ಹೀಗೆಯೇ. ಮೊದಲು ಅದು ಸಿಡುಬಿಗೆ ಇದ್ದ ಮಾತು. ಸಿಡುಬು ಜಗತ್ತಿನಿಂದಲೇ ಹೋಯಿತೆಂದು 1980ರಲ್ಲಿ ಘೋಷಣೆಯಾಯಿತು. ಮಾತು ಮಾತ್ರ ಉಳಿದುಕೊಂಡು ಈಗ ಮೈಮೇಲೆ ಗುಳ್ಳೆ ಎದ್ದ ಎಲ್ಲದಕ್ಕೂ ಬಳಕೆಯಾಗುತ್ತಿದೆ. ಮನೆಯಲ್ಲಿ ಏನಾದರೂ ಕರೆಯಿರಿ. ಇಲ್ಲಿ ಗುಳ್ಳೆ ಎಂದು ಎದ್ದವು, ಜ್ವರ ಎಷ್ಟು ದಿನದಿಂದ ಇದೆ, ಮನೆಯಲ್ಲಿ ಬಸುರಿ ಹೆಣ್ಣುಮಗಳು ಅಥವಾ ಹಸುಗೂಸು ಇದೆಯೇ ಎಂಬುದನ್ನು ಹೇಳಿ.

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ತೊಡಕು ಇನ್ನೂ ಹೆಚ್ಚು. ನಮ್ಮ ಕಡೆ "ಹೊರಗಾಗಿಲ್ಲರಿ" ಎಂದರೆ ಮುಟ್ಟಾಗಿಲ್ಲ ಎಂದರ್ಥ. "ಹೊರಕಡೆ ಆಗಿಲ್ಲರಿ" ಎಂದರೆ ಮಲ ಹೋಗಿಲ್ಲ ಎಂದರ್ಥ. ಎರಡರ ನಡುವೆ ಇರುವುದು ಕೂದಲೆಳೆಯಷ್ಟು ಅಂತರ. ಮೆಲ್ಲಗೆ, ತಲೆ ತಗ್ಗಿಸಿ, ಸೆರಗು ಬಾಯಿಗೆ ಹಿಡಿದು ಹೇಳಿದರೆ ಒಂದನ್ನು ಇನ್ನೊಂದೆಂದು ಕೇಳಿಸಿಕೊಳ್ಳುವುದು ಸುಲಭ. ಮಲಬದ್ಧತೆಗೆ ಔಷಧ ಬರೆಸಿಕೊಂಡು ಹೋದ ಹೆಣ್ಣುಮಗಳು ಎರಡು ತಿಂಗಳ ಬಸುರಿಯಾಗಿದ್ದರೆ ಆ ತಪ್ಪು ಯಾರದು? ಎಕ್ಸ್‌ರೇ ತೆಗೆಯುವಾಗ, ಕೆಲವು ಗುಳಿಗೆ ಕೊಡುವಾಗ ಈ ಸಂಗತಿ ಬಹಳ ಮುಖ್ಯ. "ಮುಟ್ಟು ನಿಂತು ಇಷ್ಟು ದಿನ ಆಯಿತು" ಎಂದು ಹೇಳುವುದರಲ್ಲಿ ನಾಚಿಕೆ ಬೇಡ. ಅತ್ತೆಯವರಿಗೊಂದು ವಿನಂತಿ. ಸೊಸೆಯ ಪರವಾಗಿ ನೀವೇ ಎಲ್ಲ ಉತ್ತರ ಕೊಡಬೇಡಿ. ಐದು ನಿಮಿಷ ಹೊರಗೆ ಬೆಂಚಿನ ಮೇಲೆ ಕುಳಿತಿರಿ. ನಿಮ್ಮ ಮುಂದೆ ಆಡಲಾಗದ ಮಾತು ಬಾಯಿಯವರ ಮುಂದೆ ಬರಬಹುದು.

ಗಂಡಸರ ನಾಚಿಕೆ ಬೇರೆ ತರಹ. "ಕುಡೀತೀರೇನು?" ಎಂದರೆ "ಯಾವಾಗರ ಒಮ್ಮೆ" ಎನ್ನುತ್ತಾರೆ. ಈ "ಯಾವಾಗರ ಒಮ್ಮೆ" ದಿನಾಲೂ ಸಂಜೆಗೆ ಒಮ್ಮೆ ಇರಬಹುದು. ದಿನಾ ಕುಡಿಯುವವರು ಅಡ್ಮಿಟ್ ಆಗಿ ಒಮ್ಮೆಲೇ ಬಿಟ್ಟರೆ ಎರಡು ಮೂರು ದಿನದಲ್ಲಿ ಕೈಕಾಲು ನಡುಗಿ, ಬಡಬಡಿಸಿ, ಫಿಟ್ಸ್ ಸಹ ಬರಬಹುದು. ಮೊದಲೇ ಗೊತ್ತಿದ್ದರೆ ಅದಕ್ಕೆ ಔಷಧವಿದೆ. ಡಾಕ್ಟರು ಇದನ್ನು ಕೇಳುವುದು ನಿಮ್ಮ ನಡತೆ ಅಳೆಯುವುದಕ್ಕಲ್ಲ.

ಆಪರೇಶನ್ನಿನ ದಿನದ ಒಂದು ಮಾತು. "ಏನೂ ತಿಂದಿಲ್ಲ ಹೌದಲ್ಲ?" ಎಂದರೆ "ಏನೂ ಇಲ್ಲರಿ" ಎನ್ನುತ್ತೀರಿ. ಚಹಾ ಕುಡಿದಿರುತ್ತೀರಿ. ನಮ್ಮ ಲೆಕ್ಕದಲ್ಲಿ ಚಹಾ ತಿನ್ನುವುದರಲ್ಲಿ ಬರುವುದಿಲ್ಲ. ವೈದ್ಯರ ಲೆಕ್ಕದಲ್ಲಿ ಹಾಲು ಹಾಕಿದ ಚಹಾ ಊಟದ ಹಾಗೆಯೇ. ಅದಾದ ಮೇಲೆ ಕನಿಷ್ಠ ಆರು ತಾಸು ಬಿಡಬೇಕು. ಹೊಟ್ಟೆಯಲ್ಲಿದ್ದದ್ದು ಮಂಪರಿನಲ್ಲಿ ಮೇಲೆ ಬಂದು ಶ್ವಾಸಕೋಶ ಸೇರಿದರೆ ಜೀವಕ್ಕೆ ಅಪಾಯ. ಕುಡಿದಿದ್ದರೆ ಕುಡಿದಿದ್ದೇನೆ ಎನ್ನಿ. ಆಪರೇಶನ್ ಮುಂದೆ ಹೋಗುತ್ತದೆ, ಅಷ್ಟೇ.

ಇನ್ನು ದುಡ್ಡು. ಇದನ್ನು ಬಾಯಿಬಿಟ್ಟು ಹೇಳುವುದು ನಮ್ಮವರಿಗೆ ಎಲ್ಲಕ್ಕಿಂತ ಕಷ್ಟ. "ಮನ್ಯಾಗ ವಿಚಾರ ಮಾಡಿ ಬರ್ತೀವ್ರಿ" ಎಂದು ಎದ್ದು ಹೋಗುತ್ತಾರೆ. ಡಾಕ್ಟರು ನಾಳೆ ಬರುತ್ತಾರೆಂದು ತಿಳಿಯುತ್ತಾರೆ. ಆ ಮಾತಿನ ನಿಜವಾದ ಅರ್ಥ "ಇಷ್ಟು ರೊಕ್ಕ ನಮ್ಮ ಕಡೆ ಇಲ್ಲ" ಎಂದು. ಅದನ್ನೇ ಹೇಳಿದ್ದರೆ ಕಡಿಮೆ ಬೆಲೆಯ ಗುಳಿಗೆ ಬರೆಯಬಹುದಿತ್ತು, ಯಾವ ಪರೀಕ್ಷೆ ಈಗಲೇ ಬೇಕು, ಯಾವುದನ್ನು ತಡೆಯಬಹುದು ಎಂದು ನೋಡಬಹುದಿತ್ತು. 2018ರಲ್ಲಿ ಆರಂಭವಾದ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಯ ಅವಕಾಶವಿದೆ. ನಿಮ್ಮ ಕಾಯಿಲೆ ಅದರಲ್ಲಿ ಬರುತ್ತದೆಯೇ, ಯಾವ ಆಸ್ಪತ್ರೆಗೆ ಹೋಗಬೇಕು ಎಂದು ಕೇಳಿ. ಕೇಳಿದವರನ್ನು ಯಾರೂ ಕೀಳಾಗಿ ನೋಡುವುದಿಲ್ಲ.

ಅವರಿಗೆ ಹೇಳಬೇಡಿ ಎನ್ನುವ ಮಾತು

ಇದುವರೆಗೆ ನಿಮ್ಮನ್ನೇ ತಿದ್ದುತ್ತ ಬಂದೆವು. ಡಾಕ್ಟರೂ ಬಳಸಿ ಮಾತನಾಡುತ್ತಾರೆ. ಕ್ಯಾನ್ಸರ್ ಎಂಬ ಸಂಶಯ ಬಂದಾಗ "ಸಣ್ಣದೊಂದು ಗಡ್ಡೆ ಇದೆ, ಹುಬ್ಬಳ್ಳಿಗೆ ಹೋಗಿ ತೋರಿಸಿಬಿಡಿ" ಎನ್ನುತ್ತಾರೆ. ಹೆದರಿಸಬಾರದು ಎಂಬುದು ಅವರ ಉದ್ದೇಶ. ಕೇಳಿದವರಿಗೆ "ಸಣ್ಣದು" ಎಂಬುದಷ್ಟೇ ಮನಸ್ಸಿನಲ್ಲಿ ನಿಲ್ಲುತ್ತದೆ. ಕಬ್ಬಿನ ಸೀಜನ್ ಮುಗಿಯಲಿ, ಜಾತ್ರೆ ಆಗಲಿ, ಮಗಳ ಮದುವೆ ಆಗಲಿ ಎಂದು ಆರು ತಿಂಗಳು ಹೋಗುತ್ತದೆ. ಗಡ್ಡೆ ಕಾಯುವುದಿಲ್ಲ. ಹೀಗೆ ಬೇರೆ ಊರಿಗೆ ಕಳಿಸಿದಾಗ ನೀವೇ ನೇರವಾಗಿ ಕೇಳಿಬಿಡಿ: "ಯಾವ ಸಂಶಯಕ್ಕ ಕಳಸಾಕತ್ತೀರಿ? ಎಷ್ಟು ದಿನದೊಳಗ ಹೋಗಬೇಕು?"

ಇನ್ನೊಂದು ದೃಶ್ಯ ನೀವೂ ಕಂಡಿರುತ್ತೀರಿ. ಅವ್ವನನ್ನು ವಾರ್ಡಿನಲ್ಲಿ ಬಿಟ್ಟು ಮಕ್ಕಳು ಡಾಕ್ಟರ ಕೋಣೆಗೆ ಬಂದು ಕೈಮುಗಿದು, "ಆಕಿಗೆ ಹೇಳಬ್ಯಾಡ್ರಿ, ಎದಿ ಒಡಕೋತಾಳ" ಎನ್ನುತ್ತಾರೆ. ಇದು ಪ್ರೀತಿಯ ಮಾತು. ಆದರೆ ಸ್ವಲ್ಪ ವಿಚಾರ ಮಾಡಿ. ಅವ್ವನಿಗೆ ಕಣ್ಣಿವೆ. ಮಕ್ಕಳು ತನ್ನನ್ನು ಕಂಡಾಗ ಮಾತು ನಿಲ್ಲಿಸುತ್ತಾರೆ, ದೂರದ ತಂಗಿ ಒಮ್ಮೆಲೇ ನೋಡಲು ಬಂದಳು, ತಲೆಕೂದಲು ಉದುರುವಂಥ ಔಷಧ ಕೊಡುತ್ತಾರೆ. ಆಕೆಗೆ ಗೊತ್ತಾಗುತ್ತದೆ. ಗೊತ್ತಾಗಿದೆ ಎಂದು ಮಕ್ಕಳಿಗೆ ಹೇಳಿದರೆ ಅವರು ನೊಂದಾರೆಂದು ಆಕೆಯೂ ಬಾಯಿಬಿಡುವುದಿಲ್ಲ. ಒಂದೇ ಮನೆಯಲ್ಲಿ ಎಲ್ಲರೂ ಒಬ್ಬರಿಂದೊಬ್ಬರು ಮುಚ್ಚಿಟ್ಟುಕೊಂಡು ದಿನ ಕಳೆಯುತ್ತಾರೆ. ಕೊನೆಗೆ ಆಕೆ ಯಾರಿಗೆ ಏನು ಹೇಳಬೇಕೆಂದಿದ್ದಳೋ, ಬಂಗಾರ ಯಾವ ಮಗಳಿಗೆ, ಹೊಲ ಯಾವ ಮಗನಿಗೆ, ಯಾರನ್ನು ಒಮ್ಮೆ ನೋಡಬೇಕೆಂದಿದ್ದಳೋ, ಎಲ್ಲವೂ ಆಕೆಯಲ್ಲಿಯೇ ಉಳಿದುಹೋಗುತ್ತದೆ.

ಕಾನೂನೂ ಇದರಲ್ಲಿ ರೋಗಿಯ ಪಕ್ಷದಲ್ಲಿದೆ. ಪರೀಕ್ಷೆಗೆಂದು ಮಂಪರು ಕೊಟ್ಟ ಒಬ್ಬ ಮಹಿಳೆಯ ಗರ್ಭಕೋಶವನ್ನು, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ತೆಗೆದ ಪ್ರಕರಣದಲ್ಲಿ 2008ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ವಯಸ್ಸಿಗೆ ಬಂದು ಬುದ್ಧಿ ಸರಿಯಿರುವ ವ್ಯಕ್ತಿಯ ಬದಲು ತಾಯಿ ಒಪ್ಪಿದರೆ, ಜೀವಕ್ಕೆ ತಕ್ಷಣದ ಅಪಾಯ ಇಲ್ಲದಾಗ, ಅದು ಒಪ್ಪಿಗೆಯಾಗುವುದಿಲ್ಲ. ಚಿಕಿತ್ಸೆ ಏನು, ಏಕೆ, ಅಪಾಯವೇನು, ಬೇರೆ ದಾರಿ ಇದೆಯೇ ಎಂದು ರೋಗಿಗೇ ತಿಳಿಸಬೇಕು. ಅಂದಮೇಲೆ ಅವ್ವನಿಗೆ ಏನೂ ಹೇಳದೆ ಆಕೆಯ ಹೆಬ್ಬೆಟ್ಟು ಒತ್ತಿಸುವುದು ಸರಿಯಲ್ಲ.

ಹಾಗೆಂದು "ನಿಮಗೆ ಕ್ಯಾನ್ಸರ್" ಎಂದು ಹಾಸಿಗೆಯ ಮುಂದೆ ನಿಂತು ಹೇಳಿಬಿಡಬೇಕೆಂದಲ್ಲ. 2000ರಲ್ಲಿ ಅಮೆರಿಕ, ಕೆನಡಾದ ಕೆಲವು ಕ್ಯಾನ್ಸರ್ ವೈದ್ಯರು ಕೆಟ್ಟ ಸುದ್ದಿ ಹೇಳುವುದಕ್ಕೆ ಆರು ಹಂತದ ಒಂದು ಕ್ರಮ ಪ್ರಕಟಿಸಿದರು. ಅದರಲ್ಲಿ ಹೇಳುವುದು ನಾಲ್ಕನೆಯ ಹಂತ. ಮೊದಲು ಏಕಾಂತದ ಜಾಗ ನೋಡಿ ಕುಳಿತುಕೊಳ್ಳಬೇಕು. ಆಮೇಲೆ ರೋಗಿಗೆ ಈಗಾಗಲೇ ಏನು ತಿಳಿದಿದೆ ಎಂದು ಕೇಳಬೇಕು. ಆಮೇಲೆ ಎಷ್ಟು ತಿಳಿಯಲು ಇಷ್ಟವಿದೆ ಎಂದು ಕೇಳಬೇಕು. ನೇರ ಮಾತಿಗೆ ಹೆಸರಾದ ದೇಶದವರೂ ಇಲ್ಲಿ ನಮ್ಮ ಹಿರಿಯರಂತೆ ನಿಧಾನಕ್ಕೆ ಬಂದರು! "ಅವ್ವಾರ, ನಿಮ್ಮ ಕಾಯಿಲೆ ಬಗ್ಗೆ ಪೂರಾ ಕೇಳ್ತೀರೇನು, ಮಗನಿಗೆ ಹೇಳಿದರ ಸಾಕೇನು?" ಎಂದು ಕೇಳಿದರೆ "ಮಗನಿಗೇ ಹೇಳ್ರಿ" ಎನ್ನುವವರೂ ಇರುತ್ತಾರೆ. ಅದು ಅವರ ಇಷ್ಟ, ಅದನ್ನು ಮೀರಬೇಕಾಗಿಲ್ಲ. ಮಕ್ಕಳು ಡಾಕ್ಟರಲ್ಲಿ ಬೇಡಿಕೊಳ್ಳಬೇಕಾದದ್ದು "ಹೇಳಬ್ಯಾಡ್ರಿ" ಎಂದಲ್ಲ, "ಮೆಲ್ಲಗ ಹೇಳ್ರಿ, ಹೇಳುವಾಗ ನಾವು ಹತ್ತಿರ ಇರ್ತೀವಿ" ಎಂದು.

ವಾರ್ಡಿನಲ್ಲಿ ಇನ್ನೊಂದು ತೊಡಕು "ಪಾಸಿಟಿವ್", "ನೆಗೆಟಿವ್" ಎಂಬ ಮಾತುಗಳದು. ರಿಪೋರ್ಟ್ ಪಾಸಿಟಿವ್ ಬಂತೆಂದರೆ ಒಳ್ಳೆಯದಾಯಿತೆಂದು ಪೇಢೆ ಹಂಚಬೇಡಿ. ಹುಡುಕಿದ ದೋಷ ಸಿಕ್ಕಿತು ಎಂಬುದು ಅದರ ಅರ್ಥ. ತಿಳಿಯದಿದ್ದರೆ "ಕನ್ನಡದಾಗ ಹೇಳ್ರಿ" ಎನ್ನಿ.

ಕೊನೆಯದಾಗಿ ಮಗ್ಗದಲ್ಲಿ ದುಡಿದವರಿಗೆ. ಪಾವರ್‌ಲೂಮಿನ ಖಟಖಟ ಸದ್ದಿನಲ್ಲಿ ಇಪ್ಪತ್ತು ಮೂವತ್ತು ವರ್ಷ ಕಳೆದವರ ಕಿವಿ ಮಂದವಾಗುವುದುಂಟು. ಅಂಥವರು ಡಾಕ್ಟರು ಏನು ಹೇಳಿದರೂ "ಹೂಂರಿ, ಹೂಂರಿ" ಎಂದು ತಲೆ ಆಡಿಸುತ್ತಾರೆ. ಮತ್ತೆ ಕೇಳಿದರೆ ಮರ್ಯಾದೆಯಲ್ಲ ಎಂಬ ಸಂಕೋಚ. ಊಟಕ್ಕೆ ಮೊದಲಿನ ಗುಳಿಗೆ ಊಟವಾದ ಮೇಲೆ, ಒಮ್ಮೆ ನುಂಗಬೇಕಾದ್ದು ಮೂರು ಸಲ. "ಕಿವಿ ಮಂದ ಅದಾವ್ರಿ, ಜೋರಾಗಿ ಹೇಳ್ರಿ" ಎಂದು ಮೊದಲೇ ಹೇಳಿಬಿಡಿ. ಗುಳಿಗೆ ಕಟ್ಟಿಕೊಂಡು ಹೊರಡುವ ಮೊದಲು "ಇದು ಮುಂಜಾನೆ, ಇದು ರಾತ್ರಿ, ಹೌದಲ್ರಿ?" ಎಂದು ನೀವೇ ಒಮ್ಮೆ ಒಪ್ಪಿಸಿ. ತಪ್ಪಿದ್ದರೆ ಅಲ್ಲಿಯೇ ಸಿಸ್ಟರು ತಿದ್ದುತ್ತಾರೆ.

ದವಾಖಾನೆಯಿಂದ ಹೊರಡುವಾಗ "ಹೋಗಿ ಬರ್ತೀವಿ" ಅನ್ನಬಾರದು, ಅಂದರೆ ಮತ್ತೆ ಬರುವಂತಾಗುತ್ತದೆ ಎಂದು ಹಲವರು ಹಿಂಜರಿಯುತ್ತಾರೆ. ಆಗಲಿ, ಅನ್ನಬೇಡಿ. ಚೀಟಿಯ ಮೇಲೆ ಬರೆದ ತಾರೀಖಿಗೆ ಮಾತ್ರ ತಪ್ಪದೆ ಬನ್ನಿ. ಬರುವಾಗ ಹಳೆಯ ಚೀಟಿ, ಉಳಿದ ಗುಳಿಗೆ ಎರಡನ್ನೂ ತನ್ನಿ.