ಬಸುರಿಗೆ ಬರುವ ಚಳಿಜ್ವರ

ತುಂಗಭದ್ರೆಯ ನೀರು ಹೊಸಪೇಟೆ ಸೀಮೆಗೆ ಅನ್ನ ಕೊಟ್ಟಿದೆ. ವಿಜಯನಗರದ ಅರಸರ ಕಾಲದ ಕಾಲುವೆಗಳು ಹಂಪಿಯ ಬಾಳೆತೋಟಗಳಿಗೆ ಇಂದಿಗೂ ನೀರುಣಿಸುತ್ತವೆ. ಕಂಪ್ಲಿಯ ಭತ್ತದ ಗದ್ದೆಗಳೂ ಈ ನದಿಯನ್ನೇ ನಂಬಿವೆ. ಆದರೆ ನೀರಿನ ಜೊತೆಗೆ ಸೊಳ್ಳೆಯೂ ಬರುತ್ತದೆ. ಕಾಲುವೆಯಿಂದ ಜಿನುಗಿ ನಿಂತ ನೀರಿನಲ್ಲಿ ಅನಾಫಿಲಿಸ್ ಜಾತಿಯ ಒಂದು ಸೊಳ್ಳೆ ಮೊಟ್ಟೆಯಿಟ್ಟರೆ, ಸಂಡೂರಿನಂಥ ಗುಡ್ಡನಾಡಿನ ಸಣ್ಣ ಝರಿಗಳು ಅದೇ ಜಾತಿಯ ಮತ್ತೊಂದಕ್ಕೆ ಒಗ್ಗುತ್ತವೆ. ಎರಡೂ ಮಲೇರಿಯಾ ಹರಡಬಲ್ಲವು.

ತುಂಗಭದ್ರಾ ಅಣೆಕಟ್ಟೆಯ ನೀರು ಕಾಲುವೆಗೆ ಹರಿದ 1953ರಲ್ಲೇ ದೇಶದಲ್ಲಿ ಮಲೇರಿಯಾ ನಿಯಂತ್ರಣ ಕಾರ್ಯಕ್ರಮವೂ ಆರಂಭವಾಯಿತು. ಸ್ವಾತಂತ್ರ್ಯ ಬಂದ ಕಾಲಕ್ಕೆ ವರ್ಷಕ್ಕೆ ಸುಮಾರು 7.5 ಕೋಟಿ ಜನರಿಗೆ ತಗಲುತ್ತಿದ್ದ ಈ ಜ್ವರ 1965ರ ವೇಳೆಗೆ ಸುಮಾರು 1 ಲಕ್ಷಕ್ಕಿಳಿಯಿತು. 1976ರಲ್ಲಿ ಮತ್ತೆ 64 ಲಕ್ಷಕ್ಕೇರಿತು. ಈಗ ಬಹಳ ಕಡಿಮೆಯಾಗಿದೆ. ಆದರೂ ಬಸುರಿಯರ ಮಟ್ಟಿಗೆ ಅದು ಸಾಮಾನ್ಯ ಜ್ವರವಲ್ಲ.

ಮಲೇರಿಯಾಕ್ಕೆ ಕಾರಣ ಪ್ಲಾಸ್ಮೋಡಿಯಂ ಎಂಬ ಏಕಕೋಶ ಜೀವಿ. ಅದು ರಕ್ತದ ಕೆಂಪುಕಣಗಳನ್ನು ಹೊಕ್ಕು, ಅಲ್ಲೇ ಬೆಳೆದು, ಅವನ್ನು ಒಡೆಯುತ್ತದೆ. ಇದರಿಂದ ತಾಯಿಗೆ ರಕ್ತಹೀನತೆ ಉಂಟಾಗುತ್ತದೆ. ಫಾಲ್ಸಿಪಾರಂ ಎಂಬ ಬಗೆಯದಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತದೆ: ಅದು ಹೊಕ್ಕ ಕಣಗಳು ಮಾಸಿನಲ್ಲಿ, ಅಂದರೆ ತಾಯಿಯಿಂದ ಮಗುವಿಗೆ ಆಹಾರ ಸಾಗಿಸುವ ಅಂಗದಲ್ಲಿ, ಅಂಟಿಕೊಂಡು ಕೂರುತ್ತವೆ. ಮಗುವಿಗೆ ಹೋಗುವ ಪೋಷಣೆ, ಆಮ್ಲಜನಕ ಎರಡೂ ಕುಗ್ಗುತ್ತವೆ. ಗರ್ಭಪಾತವಾಗಬಹುದು, ಮಗು ಹೊಟ್ಟೆಯಲ್ಲೇ ಸಾಯಬಹುದು, ದಿನ ತುಂಬುವ ಮೊದಲೇ ಹೆರಿಗೆಯಾಗಬಹುದು. ಉಳಿದ ಮಗುವೂ ಎರಡೂವರೆ ಕಿಲೋಗಿಂತ ಕಡಿಮೆ ತೂಗಬಹುದು.

ಆಫ್ರಿಕದ ಹಲವೆಡೆಗಳಂತೆ ಮಲೇರಿಯಾ ಸದಾ ಇರುವ ನಾಡಿನಲ್ಲಿ ಹೆಂಗಸರ ಮೈಗೆ ಅಷ್ಟಿಷ್ಟು ಪ್ರತಿರೋಧ ಶಕ್ತಿ ಬಂದಿರುತ್ತದೆ. ಅಲ್ಲಿ ಜ್ವರ ಕಾಣದೆಯೇ ರೋಗಾಣು ಮಾಸಿನಲ್ಲಿ ಅಡಗಿರಬಹುದು. ಚೊಚ್ಚಲ ಬಸಿರಿಗೆ ಅಪಾಯ ಹೆಚ್ಚು. ರೋಗ ಅಪರೂಪವಾದ ಕಡೆ ಆ ಶಕ್ತಿಯೇ ಇರುವುದಿಲ್ಲ. ಆದ್ದರಿಂದ ಎಷ್ಟನೆಯ ಬಸಿರಾದರೂ ಜ್ವರ ಉಗ್ರವಾಗಬಹುದು. ಮಲೇರಿಯಾ ಇಳಿಮುಖವಾದ ನಮ್ಮ ಕಡೆಯವರು ಮರೆಯಬಾರದ ಸಂಗತಿ ಇದು.

ಬಸುರಿಗೆ ಚಳಿಜ್ವರ ಬಂದರೆ ಅದೇ ದಿನ ರಕ್ತ ಪರೀಕ್ಷೆ ಮಾಡಿಸಬೇಕು. ಮನೆಯಲ್ಲಿ ಉಳಿದ ಮಾತ್ರೆ ನುಂಗುವುದು ಸಲ್ಲದು. ಮಲೇರಿಯಾಕ್ಕೆ ಕೊಡುವ ಪ್ರೈಮಾಕ್ವಿನ್ ಬಸುರಿಯರಿಗೆ ನಿಷಿದ್ಧ. ಬಸಿರಿನ ವಿಷಯವನ್ನು, ಎಷ್ಟು ತಿಂಗಳೆಂಬುದನ್ನು ವೈದ್ಯರಿಗೆ ಮೊದಲೇ ಹೇಳಿದರೆ ತಕ್ಕ ಔಷಧಿ ಸಿಗುತ್ತದೆ. ರಾತ್ರಿ ಸೊಳ್ಳೆಪರದೆ, ಮನೆಯ ಸುತ್ತ ನೀರು ನಿಲ್ಲದಂತೆ ಎಚ್ಚರ: ಕಾಲುವೆಯ ಸೀಮೆಯಲ್ಲಿ ಬಸುರಿಯ ಆರೈಕೆಯೆಂದರೆ ಇವೂ ಸೇರಿವೆ.