ಒಂದೇ ಬಸಿರಿನ ಎರಡು ಪ್ರತಿಗಳು

ಅವಳಿ ಮಕ್ಕಳಿಗೆ ಪಾಠ ಹೇಳಿದ ಉಪಾಧ್ಯಾಯರಿಗೆಲ್ಲ ಒಂದು ಪೇಚು ಗೊತ್ತಿರುತ್ತದೆ. ನಾನು ಮದ್ದೂರಿನಲ್ಲಿ ಕನ್ನಡ ಪಂಡಿತನಾಗಿದ್ದಾಗ ಮಳವಳ್ಳಿಯ ಕಡೆಯ ಹಳ್ಳಿಯೊಂದರಿಂದ ಇಬ್ಬರು ಅಣ್ಣತಮ್ಮಂದಿರು ನನ್ನ ತರಗತಿಗೆ ಬರುತ್ತಿದ್ದರು. ಮುಖ, ಮೈಕಟ್ಟು, ದನಿ, ನಡಿಗೆ ಎಲ್ಲವೂ ಒಂದೇ ಅಚ್ಚಿನವು. ಪದ್ಯ ಕಂಠಪಾಠವಾಗಿಲ್ಲವೆಂದು ಒಬ್ಬನನ್ನು ನಿಲ್ಲಿಸಲು ಹೋಗಿ ಇನ್ನೊಬ್ಬನನ್ನು ನಿಲ್ಲಿಸಿದ್ದುಂಟು. ಅವನು ತುಟಿ ಬಿಚ್ಚದೆ ನಿಂತಿರುತ್ತಿದ್ದನು.

ಹದಿನೈದು ವರ್ಷಗಳಾದ ಮೇಲೆ ಆ ಹುಡುಗರ ತಂದೆತಾಯಿಗಳು ಮಂಡ್ಯದ ನಮ್ಮ ಮನೆಗೆ ಬಂದರು. ದೊಡ್ಡವನಿಗೆ ಇಪ್ಪತ್ತಮೂರನೆಯ ವಯಸ್ಸಿನಲ್ಲಿ ಮನಸ್ಸಿನ ಕಾಯಿಲೆ ಕಾಣಿಸಿಕೊಂಡಿದ್ದಿತು. ಯಾರೂ ಆಡದ ಮಾತು ಕಿವಿಗೆ ಬೀಳುವುದು, ಯಾರೋ ಹೊಂಚುಹಾಕುತ್ತಿದ್ದಾರೆಂಬ ಭಯ. ವೈದ್ಯರು ಅದನ್ನು ಸ್ಕಿಜೋಫ್ರೀನಿಯ ಎಂದು ಗುರುತಿಸಿ ಔಷಧಿ ಕೊಡುತ್ತಿದ್ದರು. ಚಿಕ್ಕವನು ಆರೋಗ್ಯವಾಗಿಯೇ ಇದ್ದನು. ಆದರೆ ಅವನಿಗೆ ಗೊತ್ತಾಗಿದ್ದ ಸಂಬಂಧ ಈ ಸುದ್ದಿಯಿಂದ ಮುರಿದುಹೋಗಿದ್ದಿತು.

“ಮೇಷ್ಟ್ರೇ, ಇಬ್ರೂ ಒಂದೇ ಬೀಜ್ದೋರು ಅಂತಾರೆ. ದೊಡ್ಡೋನ್ಗೆ ಬಂದದ್ದು ಚಿಕ್ಕೋನ್ಗೂ ಬಂದೇ ಬತ್ತದಾ? ನೀವು ಓದಿದೋರು, ಯೋಳಿ” ಎಂದರು ತಂದೆ.

ನಾನು ಓದಿದ್ದು ಪಂಪನನ್ನು, ಕೇಶಿರಾಜನನ್ನು. ಯಮಳ ಎಂಬ ಶಬ್ದದ ತದ್ಭವ ಜವಳ ಎಂದು ಹೇಳಬಲ್ಲೆನೇ ಹೊರತು ಅವರ ಪ್ರಶ್ನೆಗೆ ನನ್ನಲ್ಲಿ ಉತ್ತರವಿರಲಿಲ್ಲ. ಎರಡು ವಾರದ ಅವಧಿ ಬೇಡಿ, ವೈದ್ಯನಾಗಿರುವ ಹಳೆಯ ಶಿಷ್ಯನೊಬ್ಬನನ್ನು ಕಾಡಿ, ಅವನು ಕೊಟ್ಟದ್ದನ್ನೆಲ್ಲ ಓದಿದೆ.

ಅವಳಿಗಳಲ್ಲಿ ಎರಡು ಬಗೆ. ತಾಯಿಯಲ್ಲಿ ಏಕಕಾಲಕ್ಕೆ ಎರಡು ಅಂಡಗಳು ಫಲಿಸಿದರೆ ಹುಟ್ಟುವವರು ಬೇರೆ ಬೇರೆ ವರ್ಷಗಳಲ್ಲಿ ಹುಟ್ಟಿದ ಅಣ್ಣತಮ್ಮಂದಿರಷ್ಟೇ ಹೋಲುವವರು. ಫಲಿಸಿದ ಒಂದೇ ಅಂಡ ಮೊದಲ ಎರಡು ವಾರಗಳೊಳಗೆ ಇಬ್ಭಾಗವಾದರೆ ಆಗುವವರು ಏಕಾಂಡಜರು. ಇಂಥ ಹೆರಿಗೆ ಸಾವಿರಕ್ಕೆ ಮೂರು ನಾಲ್ಕು ಮಾತ್ರ. ವಿರಾಟನ ಮನೆಯಲ್ಲಿ ನಕುಲನು ಕುದುರೆ ಕಾಯಲು ಹೋದನು, ಸಹದೇವನು ದನ ಕಾಯಲು ಹೋದನು. ಆದರೆ ಮಾದ್ರಿಯ ಆ ಮಕ್ಕಳು ಯಾವ ಬಗೆಯವರೆಂಬುದನ್ನು ವ್ಯಾಸರು ನಮಗೆ ಹೇಳಿಲ್ಲ.

ಮನಃಶಾಸ್ತ್ರಜ್ಞರಿಗೆ ಅವಳಿಗಳೆಂದರೆ ಹಿಂದಿನಿಂದಲೂ ಅಕ್ಕರೆ. 1875ರಲ್ಲಿ ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಎಂಬಾತನು ಹುಟ್ಟುಗುಣವೆಷ್ಟು, ಬೆಳೆಸಿದ ಗುಣವೆಷ್ಟು ಎಂಬುದನ್ನು ಅವಳಿಗಳಿಂದ ಅಳೆಯಬಹುದೆಂದನು. ಮುಂದೆ ಬೆಳೆದ ಲೆಕ್ಕ ಸರಳವಾದದ್ದು. ಏಕಾಂಡಜರಲ್ಲಿ ಆನುವಂಶಿಕ ಬಂಡವಾಳ ಒಂದೇ. ಆದುದರಿಂದ ಅವರಲ್ಲಿ ಕಾಣುವ ವ್ಯತ್ಯಾಸವೆಲ್ಲವೂ ಪರಿಸರದ್ದು. ನಮ್ಮ ಜಿಲ್ಲೆಯವರಿಗೆ ಇದನ್ನು ಕಬ್ಬಿನಿಂದ ಹೇಳಿದರೆ ಬೇಗ ತಿಳಿಯುತ್ತದೆ. ಒಂದೇ ಜಲ್ಲೆಯ ತುಂಡುಗಳನ್ನು ವಿಶ್ವೇಶ್ವರಯ್ಯ ನಾಲೆಯ ಮೇಲ್ಭಾಗದಲ್ಲಿ ಒಂದಷ್ಟು, ನೀರು ಕಡೆಗೆ ತಲಪುವ ಮಳವಳ್ಳಿಯ ಬಯಲಿನಲ್ಲಿ ಒಂದಷ್ಟು ನೆಟ್ಟರೆ ಬೆಳೆ ಒಂದೇ ಸಮನಾಗಿ ಬರದು. ತಳಿ ಒಂದೇ ಆದಮೇಲೆ ವ್ಯತ್ಯಾಸ ನೀರು ಗೊಬ್ಬರಗಳದ್ದೇ ಎಂದು ರೈತನು ತೀರ್ಮಾನಿಸುತ್ತಾನೆ.

ಈ ವಿದ್ಯೆ ನಮ್ಮ ಕಡೆಗೂ ಬೇಗನೆ ಬಂದಿತು. 1924ರಲ್ಲಿ ಮೈಸೂರಿನಲ್ಲಿ ಮನಃಶಾಸ್ತ್ರ ವಿಭಾಗವನ್ನು ತೆರೆದ ಎಂ. ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಬುದ್ಧಿಶಕ್ತಿಯ ಅಳತೆಗೆ ಹೆಸರಾದ ಸ್ಪಿಯರ್‌ಮನ್ನರ ಬಳಿ ಕಲಿತವರು. 1935ರಲ್ಲಿ ತಮ್ಮ ಮನೆಯಿಂದಲೇ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಅವರೇ, ಹೀಗಾಗಿ ರೇಡಿಯೋ ಕೇಳುವ ನಾವೆಲ್ಲ ಒಬ್ಬ ಮನಃಶಾಸ್ತ್ರಜ್ಞನಿಗೆ ಋಣಿಗಳು. ಸ್ಪಿಯರ್‌ಮನ್ನರ ತರುವಾಯ ಅವರ ಪೀಠಕ್ಕೆ ಬಂದ ಸಿರಿಲ್ ಬರ್ಟರು ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳ ಅಂಕಿಗಳನ್ನು ಪ್ರಕಟಿಸಿ, ಬುದ್ಧಿಯು ಬಹುಪಾಲು ಹುಟ್ಟಿನಿಂದ ಬರುವುದೆಂದು ಸಾಧಿಸಿದರು. 1966ಕ್ಕೆ ಅವರ ಜೋಡಿಗಳು 53 ಆಗಿದ್ದುವು. ಅವರು 1971ರಲ್ಲಿ ತೀರಿಕೊಂಡ ಮೇಲೆ ಲಿಯೊನ್ ಕಾಮಿನ್ ಎಂಬ ಅಮೆರಿಕದ ವಿದ್ವಾಂಸನು ಆ ಲೆಕ್ಕಗಳನ್ನು ಕೆದಕಿದನು. ಜೋಡಿಗಳ ಸಂಖ್ಯೆ ಲೇಖನದಿಂದ ಲೇಖನಕ್ಕೆ ಏರುತ್ತಿದ್ದರೂ ಹೋಲಿಕೆಯ ಅಂಕ ಮಾತ್ರ 0.771 ಎಂದು ಮೂರನೆಯ ದಶಾಂಶದವರೆಗೂ ಕದಲದೆ ನಿಂತಿದ್ದಿತು! ಅದು ಮೋಸವೋ ಅಜಾಗ್ರತೆಯೋ ಎಂಬ ಜಗಳ ಮುಗಿದಿಲ್ಲ. ಆ ಅಂಕಿಗಳನ್ನಂತೂ ಯಾರೂ ನೆಚ್ಚುವುದಿಲ್ಲ.

ಆದರೆ ನನ್ನನ್ನು ಹಿಡಿದು ನಿಲ್ಲಿಸಿದ್ದು ಬೇರೊಂದು ಸಂಗತಿ. ಪ್ರಾಮಾಣಿಕರ ಲೆಕ್ಕಕ್ಕೂ ಬುಡದಲ್ಲಿರುವ ನಂಬಿಕೆ, ಅಂದರೆ ಏಕಾಂಡಜರ ಬಂಡವಾಳ ಒಂದೇ ಎಂಬುದು, ಪೂರ್ತಿ ನಿಜವಲ್ಲವಂತೆ.

ಇದನ್ನು ತಿಳಿಯಲು ಪಂಡಿತನಾದವನಿಗೆ ಓಲೆಗರಿಗಳೇ ಸಾಕು. ಜೀವಕೋಶದಲ್ಲಿ ಡಿ.ಎನ್.ಎ. ಎಂಬ ಎಳೆಯ ಮೇಲೆ ನಾಲ್ಕೇ ಅಕ್ಷರಗಳಲ್ಲಿ ಬರೆದ ಗ್ರಂಥವೊಂದುಂಟು. ತಂದೆಯಿಂದ ಬಂದದ್ದು ಸುಮಾರು 300 ಕೋಟಿ ಅಕ್ಷರ, ತಾಯಿಯಿಂದ ಬಂದದ್ದು ಅಷ್ಟೇ. ಕೋಶವು ಎರಡಾಗುವಾಗಲೆಲ್ಲ ಇಷ್ಟನ್ನೂ ನಕಲು ಮಾಡಬೇಕು. ಲಿಪಿಕಾರನು ಎಷ್ಟೇ ಎಚ್ಚರಿಕೆಯವನಾದರೂ ಎಲ್ಲೋ ಒಂದು ಕೊಂಬು ಬಿಟ್ಟುಹೋಗುತ್ತದೆ, ಒಂದು ಒತ್ತು ಹೆಚ್ಚಾಗುತ್ತದೆ. ಆ ಪ್ರತಿಯನ್ನು ನೋಡಿ ಬರೆದ ಪ್ರತಿಗಳಿಗೆಲ್ಲ ಆ ತಪ್ಪು ಅಂಟಿಕೊಳ್ಳುತ್ತದೆ. ಗ್ರಂಥ ಸಂಪಾದಕರು ಇವನ್ನು ಪಾಠಾಂತರಗಳೆಂದು ಕರೆದು, ಇವುಗಳ ಜಾಡು ಹಿಡಿದೇ ಯಾವ ಪ್ರತಿ ಯಾವುದರ ಮಗು ಎಂದು ಗುರುತಿಸುತ್ತಾರೆ. ಗರ್ಭದಲ್ಲಿ ನಡೆಯುವುದೂ ಇದೇ. ಅಂಡವು ಇಬ್ಭಾಗವಾಗುವ ಮೊದಲೋ ಅದರ ಹಿಂದೆಯೇಯೋ ಒಂದು ಕೋಶದಲ್ಲಿ ಅಕ್ಷರ ತಪ್ಪಿ, ಆ ಕೋಶದ ಸಂತತಿಯೆಲ್ಲ ಒಂದು ಮಗುವಿನ ಪಾಲಿಗೆ ಬಂದರೆ, ಆ ಪಾಠಾಂತರ ಅವನಲ್ಲಿ ತಲೆಯಿಂದ ಕಾಲಿನವರೆಗೂ ಇರುತ್ತದೆ, ಜೊತೆಗಾರನಲ್ಲಿ ಇರುವುದಿಲ್ಲ.

ಎಷ್ಟು ಇರುತ್ತದೆ? ಐಸ್‌ಲೆಂಡಿನ ವಿಜ್ಞಾನಿಗಳು 381 ಏಕಾಂಡಜ ಜೋಡಿಗಳ ಗ್ರಂಥವನ್ನು ಅಕ್ಷರಶಃ ಓದಿ 2021ರಲ್ಲಿ ಪ್ರಕಟಿಸಿದರು. ಮೊದಮೊದಲ ಬೆಳವಣಿಗೆಯಲ್ಲಿ ಹುಟ್ಟಿದ ಇಂಥ ವ್ಯತ್ಯಾಸಗಳು ಸರಾಸರಿ ಜೋಡಿಗೆ 5.2. ಯಾವ ವ್ಯತ್ಯಾಸವೂ ಕಾಣದ ಜೋಡಿಗಳು 38. ನೂರಕ್ಕಿಂತ ಹೆಚ್ಚು ಕಂಡವು 39. ಮುನ್ನೂರು ಕೋಟಿಯಲ್ಲಿ ಐದು ಯಾವ ಮೂಲೆಗೆ ಎನ್ನಬಹುದು. ನಿಜ, ಬಹುತೇಕ ತಪ್ಪುಗಳಿಂದ ಏನೂ ಆಗದು. ಆದರೆ ‘ಅರಸು’ ಎಂಬಲ್ಲಿ ಒಂದೇ ಅಕ್ಷರ ಬದಲಾಗಿ ‘ಅರಸಿ’ ಎಂದಾದರೆ ಪದ್ಯದ ಅರ್ಥವೇ ಬೇರೆ. ತಪ್ಪುಗಳು ಎಷ್ಟು ಎಂಬುದಕ್ಕಿಂತ ಎಲ್ಲಿ ಬಿದ್ದವು ಎಂಬುದೇ ಮುಖ್ಯ.

ನಮ್ಮ ಪ್ರಶ್ನೆಗೆ ಇನ್ನೂ ಹತ್ತಿರದ ಪರಿಶೋಧನೆ ಕೆನಡಾದ ವೆಸ್ಟರ್ನ್ ಒಂಟಾರಿಯೊ ವಿಶ್ವವಿದ್ಯಾನಿಲಯದ್ದು. ಶಿವ ಸಿಂಗ್ ಮತ್ತು ಅವರ ಸಂಗಡಿಗರು ಒಬ್ಬರಿಗೆ ಸ್ಕಿಜೋಫ್ರೀನಿಯ ಇದ್ದು ಜೊತೆಗಾರರಿಗೆ ಇಲ್ಲದ ಎರಡು ಏಕಾಂಡಜ ಜೋಡಿಗಳನ್ನು ಪರೀಕ್ಷಿಸಿ 2011ರಲ್ಲಿ ವರದಿ ಮಾಡಿದರು. ಗ್ರಂಥದ ಕೆಲವು ಭಾಗಗಳು ಒಬ್ಬರಲ್ಲಿ ಇದ್ದಷ್ಟು ಸಲ ಇನ್ನೊಬ್ಬರಲ್ಲಿ ಇರಲಿಲ್ಲ. ಎರಡೇ ಜೋಡಿಗಳಿಂದ ಕಾಯಿಲೆಯ ಕಾರಣ ಸಿಕ್ಕಿತೆಂದು ಹೇಳಲಾಗದು. ರಕ್ತದಲ್ಲಿ ಕಂಡದ್ದು ಮಿದುಳಿನಲ್ಲೂ ಇದೆಯೆಂದೂ ಹೇಳಲಾಗದು. ಅಂಥ ವ್ಯತ್ಯಾಸ ಇರಬಲ್ಲದು ಎಂಬಷ್ಟನ್ನು ಒಪ್ಪಬಹುದು.

ಅಕ್ಷರ ಬದಲಾಗದೆಯೂ ಭೇದವುಂಟು. ಇಬ್ಬರು ಗಮಕಿಗಳ ಕೈಯಲ್ಲಿ ಕುಮಾರವ್ಯಾಸನ ಒಂದೇ ಪ್ರತಿಯನ್ನು ಕೊಟ್ಟು ನೋಡಿ: ಒಬ್ಬರು ಬಿಡುವ ಪದ್ಯವನ್ನು ಇನ್ನೊಬ್ಬರು ಎತ್ತಿ ಹಾಡುತ್ತಾರೆ. ಹಾಗೆಯೇ ಡಿ.ಎನ್.ಎ.ಯ ಮೇಲೆ ಕುಳಿತು ‘ಇದನ್ನು ಓದು, ಇದನ್ನು ಬಿಡು’ ಎನ್ನುವ ರಾಸಾಯನಿಕ ಗುರುತುಗಳಿವೆ. ಮೂರರಿಂದ ಎಪ್ಪತ್ತನಾಲ್ಕು ವರ್ಷದವರೆಗಿನ 40 ಜೋಡಿಗಳನ್ನು ನೋಡಿದ ಸ್ಪೇನಿನ ವಿಜ್ಞಾನಿಗಳು, ಎಳೆಯರಲ್ಲಿ ಈ ಗುರುತುಗಳು ಹೆಚ್ಚುಕಡಿಮೆ ಒಂದೇ ಆಗಿದ್ದು ವಯಸ್ಸಾದಂತೆ ದೂರವಾಗುವುದನ್ನು 2005ರಲ್ಲಿ ತೋರಿಸಿದರು.

ಹಾಗೆಂದು ಗಾಲ್ಟನ್ನನಿಂದ ಬಂದ ಲೆಕ್ಕವೆಲ್ಲ ಬಿದ್ದುಹೋಯಿತೆನ್ನುವವರ ಗುಂಪಿಗೆ ನಾನು ಸೇರುವುದಿಲ್ಲ. ಡೆನ್ಮಾರ್ಕಿನ ಅವಳಿಗಳ ದಾಖಲೆಗಳಿಂದ 2018ರಲ್ಲಿ ತೆಗೆದ ಲೆಕ್ಕದಂತೆ, ಒಬ್ಬರಿಗೆ ಸ್ಕಿಜೋಫ್ರೀನಿಯ ಇದ್ದಾಗ ಜೊತೆಗಾರರಿಗೂ ಇರುವುದು ಏಕಾಂಡಜರಲ್ಲಿ ನೂರಕ್ಕೆ 33, ಉಳಿದ ಅವಳಿಗಳಲ್ಲಿ 7. ಸಾಮಾನ್ಯ ಜನರಲ್ಲಿ ಇದು ನೂರಕ್ಕೆ ಒಂದರ ಸುಮಾರು. ಆನುವಂಶಿಕತೆಯ ಕೈ ಬಲವಾಗಿದೆ ಎಂಬುದರಲ್ಲಿ ಸಂಶಯವಿಲ್ಲ. ಕೆಟ್ಟದ್ದು ಲೆಕ್ಕದ ಇನ್ನೊಂದು ಕಲಮು. ಜೊತೆಗಾರರಿಗೆ ಬಾರದ ಆ 67 ಜೋಡಿಗಳ ವ್ಯತ್ಯಾಸವನ್ನು ಇಡಿಯಾಗಿ ಪರಿಸರದ ಹೆಸರಿಗೆ ಬರೆಯುತ್ತಿದ್ದರಷ್ಟೆ? ಪರಿಸರವೆಂದರೆ ಮನೆ, ಮನೆಯೆಂದರೆ ತಾಯಿ. ಅಮೆರಿಕದಲ್ಲಿ 1948ರಲ್ಲಿ ಈ ಕಾಯಿಲೆಯನ್ನು ಹುಟ್ಟಿಸುವ ತಾಯಿ ಎಂಬರ್ಥದ ಪಾರಿಭಾಷಿಕ ಪದವನ್ನೇ ಕಟ್ಟಿದ್ದರು. ಆ ಕಲಮಿನಲ್ಲಿ ನಕಲಿನ ತಪ್ಪುಗಳು, ರಾಸಾಯನಿಕ ಗುರುತುಗಳು, ಗರ್ಭದೊಳಗೆ ಇಬ್ಬರಿಗೂ ಸಮನಾಗಿ ಹರಿಯದ ರಕ್ತ, ಇನ್ನು ಕೇವಲ ಆಕಸ್ಮಿಕ, ಇವೆಲ್ಲವೂ ಸೇರಿಕೊಂಡಿದ್ದುವು. ಇವುಗಳಲ್ಲಿ ಸಾಕುವವರ ಕೈವಾಡವಿಲ್ಲದವೇ ಹೆಚ್ಚು.

ದಂಪತಿಗಳು ಎರಡನೆಯ ಸಲ ಬಂದಾಗ ಇಷ್ಟನ್ನೂ ನನಗೆ ಬಂದಂತೆ ಹೇಳಿದೆ. ಚಿಕ್ಕವನಿಗೆ ಬಂದೇ ಬರುವುದೆಂಬುದು ಸುಳ್ಳು, ಬಾರದಿರುವುದೇ ಹೆಚ್ಚು. ಆದರೂ ಬೇರೆಯವರಿಗಿಂತ ಅವನಿಗೆ ಅಪಾಯ ಜಾಸ್ತಿ. ನಿದ್ದೆ ಕೆಟ್ಟು ಮಂಕಾದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಹೆಣ್ಣಿನ ಕಡೆಯವರು ಕೇಳಿದರೆ ಮರೆಮಾಚದೆ ಈ ಎರಡನ್ನೂ ಹೇಳಿ ಎಂದೆ. ತಂದೆ ಒಂದು ಚೀಟಿಯಲ್ಲಿ 33 ಎಂದೂ 67 ಎಂದೂ ಬರೆಸಿಕೊಂಡು ಜೇಬಿನಲ್ಲಿಟ್ಟುಕೊಂಡರು.

ಅಲ್ಲಿಯವರೆಗೆ ಬಾಗಿಲ ಬಳಿ ಸುಮ್ಮನೆ ಕುಳಿತಿದ್ದ ಆ ತಾಯಿ ಬಾಯಿಬಿಟ್ಟರು. ಇಬ್ಬರಿಗೂ ಹಾಲು ಸಾಲದೆಂದು ದೊಡ್ಡವನನ್ನು ಆರು ತಿಂಗಳು ತವರಿನಲ್ಲಿ ಬಿಟ್ಟಿದ್ದರಂತೆ. ಅದರಿಂದಲೇ ಹುಡುಗ ಹೀಗಾದನೆಂದು ಮನೆಯವರು ಏಳು ವರ್ಷಗಳಿಂದ ಆಡಿಕೊಳ್ಳುತ್ತಿದ್ದರಂತೆ.

“ಅಂಗಾರೆ ನಾನು ಅವನ್ನ ಬಿಟ್ಟಿದ್ದಕ್ಕೆ ಅಲ್ವಾ ಸ್ವಾಮಿ?”

ಅದರಿಂದಲೇ ಎಂದು ಯಾವ ಶಾಸ್ತ್ರವೂ ಹೇಳುವುದಿಲ್ಲ ತಾಯಿ ಎಂದೆ. ಆಕೆ ಗಂಡನ ಕಡೆಗೆ ತಿರುಗಿ, ಅದನ್ನು ಇನ್ನೊಂದು ಸಲ ಹೇಳಬೇಕೆಂದು ನನ್ನನ್ನು ಕೇಳಿದರು.